ಮೂರಡಿ ನಾಲ್ಕಂಗುಲ

"ಎಣ ಅಳ್ದಂಗೆ ಅಳೀತಾವ್ನಲ್ರಪ್ಪೋ ನನ್ ಮಗೀನಾ! ಯಾರಾರಾ ಬನ್ರೋ!"

ಕೂಗು ಬಾಗಿಲಿನಿಂದ ಬಂತು. ಸ್ಕೂಲು ನಡೆಯುವ ಚಾವಡಿಯ ನೆಲದ ಮೇಲೆ ಮಂಡಿಯೂರಿ ಕೂತಿದ್ದ ಲಿಂಗಯ್ಯ ಮೇಷ್ಟ್ರು ತಲೆಯೆತ್ತಿ ನೋಡಿದ. ಅವನ ಮುಂದೆ ಏಳು ವರ್ಷದ ಮಾಯಿ ಅಂಗಾತ ಮಲಗಿದ್ದಳು. ಎರಡೂ ಕೈ ಮೈಗೆ ಸೇರಿಸಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಬರುವ ನಗುವನ್ನು ತುಟಿಯಲ್ಲೇ ತಡೆದುಕೊಂಡಿದ್ದಳು. ಅವಳ ನೆತ್ತಿಯ ಹತ್ತಿರ ಸುಣ್ಣದ ಬಳಪದ ಒಂದು ಗೀಟು, ಹಿಮ್ಮಡಿಯ ಹತ್ತಿರ ಇನ್ನೊಂದು. ನಡುವೆ ಲಿಂಗಯ್ಯನ ಕೈಯಲ್ಲಿ ಹೊಸ ಅಡಿಪಟ್ಟಿ. ಸುತ್ತ ಕುಕ್ಕರುಗಾಲಲ್ಲಿ ಕೂತಿದ್ದ ಹದಿಮೂರು ಮಕ್ಕಳು ಸ್ಲೇಟು ಹಿಡಿದುಕೊಂಡಿದ್ದರು. ಅವನು ಆಗತಾನೇ, "ಮೂರಡಿ ನಾಲ್ಕಂಗುಲ. ಎಲ್ಲರೂ ಬರ್ಕೊಳ್ಳಿ" ಅಂದಿದ್ದ.

ಬಾಗಿಲಲ್ಲಿ ನಿಂತಿದ್ದವಳು ಮಾಯಿಯ ತಾಯಿ ಚಿಕ್ಕನಂಜಮ್ಮ. ಗದ್ದೆಗೆ ಗಂಡನ ಊಟ ತೆಗೆದುಕೊಂಡು ಹೋಗುತ್ತಿದ್ದವಳು, ಮಗಳು ಏನು ಓದುತ್ತಿದ್ದಾಳೋ ನೋಡೋಣವೆಂದು ಇಣುಕಿದ್ದಳು. ತಲೆಯ ಮೇಲಿನ ಕುಕ್ಕೆ ಯಾವಾಗ ಬಿತ್ತೋ ಅವಳಿಗೇ ಗೊತ್ತಿಲ್ಲ. ರಾಗಿಮುದ್ದೆ ಹೊಸ್ತಿಲು ಹಾರಿ ಉರುಳುತ್ತಾ ಬಂದು ಮಕ್ಕಳ ನಡುವೆ ನಿಂತಿತು. ಮಕ್ಕಳಲ್ಲೊಬ್ಬ ನಕ್ಕ. ಚಿಕ್ಕನಂಜಮ್ಮನ ಮುಖ ನೋಡಿ ಆ ನಗು ಅಲ್ಲೇ ಸತ್ತಿತು.

"ಎದ್ದೇಳೇ ಮಾಯಿ! ಮಲಗ್ಬ್ಯಾಡ್ವೇ! ಕಣ್ ಬುಡೇ!"

ಅವಳು ಒಳಗೆ ನುಗ್ಗಿ ಮಗಳ ರಟ್ಟೆ ಹಿಡಿದು ಎತ್ತಿ ನಿಲ್ಲಿಸಿದಳು. ತಲೆ ಮುಟ್ಟಿದಳು, ಎದೆ ಮುಟ್ಟಿದಳು, ಮೂಗಿನ ಕೆಳಗೆ ಬೆರಳಿಟ್ಟು ನೋಡಿದಳು. ಲಂಗ ಮಣ್ಣು ಮಾಡಿಕೊಂಡದ್ದಕ್ಕೆ ಅವ್ವ ಬೈಯುತ್ತಾಳೆಂದುಕೊಂಡ ಹುಡುಗಿ, "ಕೊಡವ್ಕೋತೀನಿ ಕಣವ್ವ" ಎಂದು ಹಿಂದೆ ಒರೆಸಿಕೊಂಡಳು.

"ಏನಾಯ್ತಮ್ಮಾ?" ಲಿಂಗಯ್ಯ ಗಾಬರಿಯಲ್ಲೇ ಎದ್ದ. "ಅಳತೆ ಪಾಠ ಅಷ್ಟೇ. ನೋಡಿ, ಇದು ಅಡಿಪಟ್ಟಿ..."

"ಅತ್ರ ತರ್ಬ್ಯಾಡ ಅದ್ನಾ!"

ಅವಳು ಚೀರಿದ ರೀತಿಗೆ ಪಟ್ಟಿ ಅವನ ಕೈಯಿಂದ ಜಾರಿತು. ಎದುರು ಮನೆಯ ಮುದುಕಿ ಪಟ್ಟಲಮ್ಮ ಕೈಯಲ್ಲಿ ಪೊರಕೆ ಹಿಡಿದುಕೊಂಡೇ ಓಡಿ ಬಂದಳು. ನೆಲದ ಮೇಲಿನ ಎರಡು ಗೀಟು ನೋಡಿದಳು, ಮಾಯಿಯನ್ನು ನೋಡಿದಳು, ಬಾಯಿಗೆ ಸೆರಗು ಹಿಡಿದಳು.

"ಏನ್ ಮೇಷ್ಟ್ರಪ್ಪಾ ನೀನು? ಉಸ್ರಾಡೋ ಮಗೀನ ಮಲಗ್ಸಿ ತಲೆಯಿಂದ ಕಾಲ್ಗಂಟ ಕೋಲಿಕ್ಕಾರಾ? ನಿಮ್ ಮಳವಳ್ಳಿ ಕಡೆ ಇದ್ನೇಯ ಯೋಳ್ಕೊಡಾದು?"

ಆಮೇಲೆ ಯಾರೂ ಅವನಿಗೆ ಏನನ್ನೂ ವಿವರಿಸಲಿಲ್ಲ. ಚಿಕ್ಕನಂಜಮ್ಮ ಮಗಳನ್ನು ಕಂಕುಳಿಗೆ ಹಾಕಿಕೊಂಡು, ಬಿದ್ದ ಕುಕ್ಕೆಯನ್ನೂ ತಿರುಗಿ ನೋಡದೆ ಹೊರಟುಹೋದಳು. ಏಳು ವರ್ಷದ ಮಗುವಿನ ಕಾಲು ಅವಳ ಮಂಡಿಗೆ ಬಡಿಯುತ್ತಿತ್ತು. ಪಟ್ಟಲಮ್ಮ ಉಳಿದ ಮಕ್ಕಳನ್ನು ಕೋಳಿಮರಿ ಅಟ್ಟಿದ ಹಾಗೆ ಪೊರಕೆಯಲ್ಲೇ ಹೊರಕ್ಕೆ ಅಟ್ಟಿದಳು. ಒಂದು ಗಳಿಗೆಯಲ್ಲಿ ಚಾವಡಿ ಬರಿದಾಯಿತು. ನೆಲದ ಮೇಲೆ ಎರಡು ಬಿಳಿ ಗೀಟು, ಒಂದು ಮುದ್ದೆ, ಒಂದು ಅಡಿಪಟ್ಟಿ.

ಲಿಂಗಯ್ಯನನ್ನು ಬೈದು ಪ್ರಯೋಜನವಿಲ್ಲ. ಅವನಿಗೆ ಇನ್ನೂ ಇಪ್ಪತ್ತೆರಡು. ಕೊಪ್ಪದಿಂದ ಮೂರು ಮೈಲಿ ಒಳಗಿರುವ ಈ ಹುಣಸೇದೊಡ್ಡಿಗೆ ಸ್ಕೂಲು ಅಂತ ಆಗಿ ಆರು ತಿಂಗಳು. ಆ ನಲವತ್ತೊಂದನೇ ಇಸವಿಯ ಚೈತ್ರದಲ್ಲಿ ಅವನು ಒಂದು ಟ್ರಂಕು, ಒಂದು ಕಪ್ಪುಹಲಗೆ ಹೊರಿಸಿಕೊಂಡು ಬಂದವನು. ಅವನ ಕಡೆಯವರು ಲಿಂಗವಂತರು. ಸತ್ತವರನ್ನು ಕೂರಿಸಿ ಮಣ್ಣು ಮಾಡುವವರು. ಹೆಣವನ್ನು ಉದ್ದಕ್ಕೆ ಮಲಗಿಸಿ ಪಕ್ಕದಲ್ಲಿ ಕೋಲಿಟ್ಟು ಗುಂಡಿಯ ಅಳತೆ ತೆಗೆಯುವುದನ್ನು ಅವನು ಕಂಡವನೇ ಅಲ್ಲ. ಟ್ರೈನಿಂಗಿನಲ್ಲಿ ಅವನ ಗುರುಗಳು, "ಮಗುವಿಗೆ ಗೊತ್ತಿರುವುದು ಅದರ ಮೈ. ಅಳತೆಯ ಪಾಠವನ್ನು ಮಗುವಿನ ಮೈಯಿಂದಲೇ ಶುರು ಮಾಡು" ಎಂದಿದ್ದರು. ಅದನ್ನು ಅವನು ನೋಟುಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ಗೆರೆಯನ್ನೂ ಎಳೆದಿದ್ದ.

ಅಡಿಪಟ್ಟಿ ಮಂಡ್ಯದಿಂದ ಬಂದದ್ದು ಹಿಂದಿನ ದಿನ. ಹನ್ನೆರಡು ಅಂಗುಲ, ಅಂಚಿಗೆ ಹಿತ್ತಾಳೆ. ಬೆಳಿಗ್ಗೆಯಿಂದ ಮಕ್ಕಳು ಅದನ್ನು ಬಿಟ್ಟಿರಲಿಲ್ಲ. ಸ್ಲೇಟು ಅಳೆದರು, ಬಾಗಿಲು ಅಳೆದರು, ಚಾವಡಿಯಲ್ಲಿ ಕಟ್ಟಿದ್ದ ಮೇಕೆಯ ಕಿವಿ ಅಳೆದರು. ಮೇಕೆ ಪಟ್ಟಿಯ ತುದಿ ಕಚ್ಚಿ ನೋಡಿತು. ಕಷ್ಟ ಬಂದದ್ದು ಒಂದು ಅಡಿಗಿಂತ ಉದ್ದವಾದದ್ದನ್ನು ಅಳೆಯುವಾಗ. ಪಟ್ಟಿ ಮುಗಿದ ಕಡೆ ಗುರುತು ಮಾಡಿ, ಸರಿಯಾಗಿ ಆ ಗುರುತಿನಿಂದಲೇ ಮತ್ತೆ ಪಟ್ಟಿ ಇಡಬೇಕು. ಮಕ್ಕಳು ಬಳಪದಲ್ಲಿ ಗುರುತು ಮಾಡದೆ ಹೆಬ್ಬೆಟ್ಟು ಊರುತ್ತಿದ್ದರು. ಪಟ್ಟಿ ಎತ್ತಿ ಹೆಬ್ಬೆಟ್ಟಿನ ಆಚೆಯಿಂದ ಇಡುವ ಬದಲು ಈಚೆಯಿಂದ ಇಡುತ್ತಿದ್ದರು. ಬೆರಳಿನ ಅಗಲ ಎರಡೆರಡು ಸಲ ಲೆಕ್ಕಕ್ಕೆ ಬಂದು, ನಾಲ್ಕಡಿಯ ಕಲ್ಲು ನಾಲ್ಕಡಿ ಎರಡಂಗುಲ ಆಗುತ್ತಿತ್ತು.

"ಏನೇ ಮಾಯಿ, ಕಲ್ಲು ಅಳಿ ಅಂದ್ರೆ ನಿನ್ ಹೆಬ್ಬೆಟ್ಟೂ ಸೇರಿಸಿ ಅಳೆದಿದೀಯಲ್ಲ!" ಎಂದು ಅವನು ಅಣಕಿಸಿದ್ದ.

"ಎಬ್ಬೆಟ್ಟೂ ನಂದೇ ಅಲ್ವಾ ಮೇಷ್ಟ್ರೇ, ಅದ್ನ ಬುಟ್ಟು ನಾನೆಲ್ ಓಗ್ಲಿ?" ಎಂದು ಮಾಯಿ ತಿರುಗಿ ಕೇಳಿದ್ದಳು. ಚಾವಡಿಯೆಲ್ಲ ನಗು.

ಮೂರು ಸಲ ತಪ್ಪಿದ ಮೇಲೆ ನಾಲ್ಕನೆಯ ಸಲ ಅವಳದೇ ಸರಿಯಾಯಿತು; ಉಳಿದವರಿಗೆ ಅವಳೇ ಹೇಳಿಕೊಡತೊಡಗಿದಳು. ಕೊನೆಗೆ ಎಲ್ಲ ಅಳೆದು ಮುಗಿದಾಗ, "ನಾನೆಷ್ಟುದ್ದ ಮೇಷ್ಟ್ರೇ?" ಎಂದವಳೂ ಅವಳೇ. ನಿಲ್ಲಿಸಿ ಅಳೆದರೆ ಕುಣಿಯುತ್ತಾರೆ, ಚಾವಡಿಯ ಮಣ್ಣಿನ ಗೋಡೆಯೋ ಹೊಟ್ಟೆ ಬಿಟ್ಟುಕೊಂಡಿದೆ. ಅದಕ್ಕೇ ಲಿಂಗಯ್ಯ ಅವಳನ್ನು ಮಲಗು ಅಂದದ್ದು.

ಮೂರು ಗಂಟೆಯ ಹೊತ್ತಿಗೆ ಸುದ್ದಿ ಬಂತು. ಮಾಯಿಗೆ ಚಳಿಜ್ವರ.

ಆ ಸೀಮೆಗೆ ಅದು ಹೊಸದಲ್ಲ. ನಾಲೆ ನೀರು ಬಂದು ರಾಗಿ ಬೆಳೆಯುವ ಹೊಲ ಭತ್ತದ ಗದ್ದೆಯಾದ ವರ್ಷದಿಂದ ಸೊಳ್ಳೆಯೂ ಬಂದಿತ್ತು, ಅದರ ಹಿಂದೆಯೇ ಚಳಿಜ್ವರವೂ ಬಂದಿತ್ತು. ಸರ್ಕಾರದವರು ಸ್ಕೂಲಿಗೆ ಅಂತ ಒಂದು ಡಬ್ಬಿ ಕ್ವಿನೈನ್ ಗುಳಿಗೆ ಕೊಟ್ಟಿದ್ದರು. ಲಿಂಗಯ್ಯ ಅದರಿಂದ ಒಂದಿಷ್ಟನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿಕೊಂಡು ಚೌಡಯ್ಯನ ಮನೆಗೆ ಹೆಚ್ಚುಕಡಿಮೆ ಓಡಿದ.

ಮಾಯಿಯ ಅಪ್ಪ ಚೌಡಯ್ಯ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ. ಮೇಷ್ಟ್ರು ಬಂದರೆ ಎದ್ದು ನಿಲ್ಲುತ್ತಿದ್ದ ಮನುಷ್ಯ ಈ ಹೊತ್ತು ಏಳಲಿಲ್ಲ. ಬೈಯಲೂ ಇಲ್ಲ. ಅವನು ಬೈದಿದ್ದರೆ ವಾಸಿಯಿತ್ತು. ಒಳಗಿನಿಂದ ಹಲ್ಲು ಕಟಕಟ ಕಡಿಯುವ ಸದ್ದು ಬರುತ್ತಿತ್ತು. ಅಷ್ಟು ಸಣ್ಣ ಬಾಯಿಂದ ಅಷ್ಟು ಸದ್ದು ಬರುತ್ತದೆಂದು ಲಿಂಗಯ್ಯನಿಗೆ ಗೊತ್ತಿರಲಿಲ್ಲ. ಎರಡು ಕಂಬಳಿ, ಅದರ ಮೇಲೊಂದು ಗೋಣಿತಾಟು. ಅಷ್ಟೂ ಸೇರಿ ನಡುಗುತ್ತಿತ್ತು.

"ಗುಳಿಗೆ ತಂದಿದೀನಿ ಗೌಡರೇ. ಈಗೊಂದು, ಬೆಳಿಗ್ಗೆ ಒಂದು..."

ಚಿಕ್ಕನಂಜಮ್ಮ ಬಾಗಿಲಿಗೆ ಅಡ್ಡ ಬಂದು ನಿಂತಳು. ಅತ್ತಿರಲಿಲ್ಲ. ಕಣ್ಣು ಒಣಗಿದ್ದವು.

"ಅಳ್ದ್ ಕೈಯಾಗೆ ಮದ್ದು ಬ್ಯಾಡ."

"ಅಮ್ಮಾ, ಅಳತೆಗೂ ಜ್ವರಕ್ಕೂ ಏನ್ ಸಂಬಂಧ? ಇದು ಸೊಳ್ಳೆಯಿಂದ..."

"ಅಳ್ದೆ. ಅಳ್ದು ಮೂರ್ ಗಂಟೆ ಒತ್ನಲ್ಲಿ ಮಲಗ್ಸುದೆ. ಇನ್ನೇನ್ ಸಂಬಂದ ಬೇಕು ನಿಂಗೆ?" ಅವಳ ದನಿ ಏರಲಿಲ್ಲ. "ಆ ಮದ್ದು ಅಮೃತವೇ ಆಗಿರ್ಲಿ, ನಿನ್ ಕೈಯಿಂದ ನನ್ ಮಗೀನ ಬಾಯ್ಗೆ ಬೀಳಾಕಿಲ್ಲ. ಓಗು ಮೇಷ್ಟ್ರೇ."

ಲಿಂಗಯ್ಯ ಚೌಡಯ್ಯನ ಕಡೆ ನೋಡಿದ. ಚೌಡಯ್ಯ ಅಂಗಳದ ಆಚೆ ಎಲ್ಲಿಗೋ ನೋಡುತ್ತಾ, "ಓಗಿ ಬುಡಿ ಸ್ವಾಮಿ" ಅಂದ. ಮಳೆ ನಿಂತಿತು ಅನ್ನುವಷ್ಟು ಸಲೀಸಾಗಿ ಅಂದ.

ಸ್ಕೂಲಿಗೆ ಹಿಂದಿರುಗಿ ಆ ಗೀಟುಗಳನ್ನು ನೋಡುವ ಧೈರ್ಯವಾಗಲಿಲ್ಲ. ಪೊಟ್ಟಣವನ್ನು ಜೇಬಿನಲ್ಲಿ, ಹೊರಡುವಾಗ ನೆಲದಿಂದ ಎತ್ತಿಕೊಂಡು ಯಾಕೋ ಕಂಕುಳಲ್ಲೇ ಉಳಿಸಿಕೊಂಡಿದ್ದ ಅಡಿಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ನಾಲೆಯ ಏರಿಯ ಕಡೆ ನಡೆದ. ಬಿಸಿಲು ಇನ್ನೂ ಇತ್ತು. ಏರಿಯ ಮೇಲಿನ ಹೊಂಗೆಮರದ ಕೆಳಗೆ ಊರಿನ ಕುಳವಾಡಿ ಪುಟ್ಟಮಾದಯ್ಯ ಮಚ್ಚಿನಲ್ಲಿ ಒಂದು ರೆಂಬೆ ಕಡಿದು, ಎಲೆ ಸವರಿ, ಗಿಣ್ಣು ಹೆರೆಯುತ್ತಿದ್ದ. ಊರಿನಲ್ಲಿ ಸಾವಾದರೆ ಸುದ್ದಿ ಸಾರುವವನು, ಗುಂಡಿ ತೋಡುವವನು ಅವನೇ.

"ಏನಕ್ಕೆ ಪುಟ್ಟಮಾದಯ್ಯ, ಕೋಲು?" ಲಿಂಗಯ್ಯ ಸುಮ್ಮನೆ ಕೇಳಿದ.

ಮುದುಕ ಬೆಚ್ಚಿ ಕೋಲನ್ನು ಬೆನ್ನ ಹಿಂದಕ್ಕೆ ಸರಿಸಿದ. ಲಂಗೋಟಿಯ ಹುಡುಗ ಕದ್ದ ಮಾವಿನಕಾಯಿ ಬಚ್ಚಿಟ್ಟುಕೊಂಡ ಹಾಗೆ.

"ಏನಿಲ್ಲ ಬುದ್ದಿ. ಇಂಗೇಯ."

"ಇಂಗೇಯ ಅಂದ್ರೆ?"

ಪುಟ್ಟಮಾದಯ್ಯ ನಾಲೆಯ ನೀರು ನೋಡಿದ. ಸುಳ್ಳು ಹೇಳುವ ಅಭ್ಯಾಸ ಇರಲಿಲ್ಲವೆಂದು ಕಾಣುತ್ತದೆ. "ಚೌಡಯ್ಯ ಗೌಡ್ರು ಏಳ್ಕಳ್ಸುದ್ರು. 'ಇವತ್ತು ನಾಳೆ ಊರ್ ಬುಟ್ಟು ಎಲ್ಲೂ ಓಗ್ಬ್ಯಾಡ್ಲಾ ಮಾದಯ್ಯ' ಅಂತವ. ಅಷ್ಟೇಯ ಬುದ್ದಿ ಏಳಿದ್ದು. ಮಿಕ್ಕುದ್ದು ನಂಗೇ ಅರ್ತ ಆಯ್ತದೆ."

ಲಿಂಗಯ್ಯನಿಗೆ ಒಂದು ಗಳಿಗೆ ಏನೂ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಏರಿಯ ಮೇಲೆ ಹಾಗೇ ಕೂತ. ಕಂಬಕ್ಕೆ ಒರಗಿ ಕೂತಿದ್ದ ಆ ಅಪ್ಪ, ಒಳಗೆ ಮಗಳ ಹಲ್ಲು ಇನ್ನೂ ಕಟಕಟಿಸುತ್ತಿರುವಾಗ, ಉಸಿರು ಇನ್ನೂ ಆಡುತ್ತಿರುವಾಗ, ಗುಂಡಿ ತೋಡುವವನಿಗೆ ಊರಲ್ಲೇ ಇರು ಅಂತ ಹೇಳಿ ಕಳಿಸಿದ್ದಾನೆ.

ಕೋಲು ಈಗ ಮುದುಕನ ಮಂಡಿಯ ಮೇಲಿತ್ತು. ನೋಡಬಾರದು ಅಂದುಕೊಂಡರೂ ಬೆಳಿಗ್ಗೆಯಿಂದ ಅಳತೆಗೇ ಬಿದ್ದಿದ್ದ ಲಿಂಗಯ್ಯನ ಕಣ್ಣು ಅದನ್ನು ತುದಿಯಿಂದ ತುದಿಗೆ ನೋಡಿಬಿಟ್ಟಿತು. ಒಂದಡಿ. ಎರಡಡಿ. ಮೂರಡಿ. ಮೇಲೆ ನಾಲ್ಕಂಗುಲ. ಕೂದಲೆಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ.

"ಅಳತೆ... ಅಳತೆ ಯಾರು ಕೊಟ್ಟರು ನಿನಗೆ?"

"ಯಾರ್ ಕೊಟ್ಟಾರು ಬುದ್ದಿ? ದಿನಾ ನಮ್ ಕೇರಿ ಮುಂದೇ ಇಸ್ಕೂಲ್ಗೆ ಕುಣ್ಕೊಂಡ್ ಓಗೋ ಮಗು. ಕಣ್ಣೇ ಅಳೀತದೆ. ಬ್ಯಾಡ ಅಂದ್ರೂ ಅಳೀತದೆ. ನನ್ ಕಣ್ಗೆ ಬೆಂಕಿ ಆಕ." ಅವನು ಮಚ್ಚನ್ನು ಹುಲ್ಲಿಗೆ ಒರೆಸಿದ. "ನಾಲೆ ಬರಾಕೆ ಮುಂಚೆ ವರ್ಸಕ್ಕೆ ಎರಡೋ ಮೂರೋ ಕಡೀತಿದ್ದೆ. ಎಲ್ಲಾ ಆಳುದ್ದದವು. ಬದುಕಿ ಬಾಳಿ ಉಂಡು ತಿಂದು ಓದೋರ್ವು. ನಾಲೆ ಬಂತು ನೋಡಿ, ಕೋಲು ಗಿಡ್ಡ ಆಯ್ತಾ ಬಂದ್ವು. ಅದೇ ಮನೇಗೆ ಓದ್ ಕಾರ್ತೀಕದಲ್ಲಿ ಎರಡು ಮೊಳದ್ದು. ಅದ್ರಿಂದಿನ ಕಾರ್ತೀಕದಲ್ಲಿ ಒಂದೂವರೆ ಮೊಳದ್ದು."

"ಅದೇ ಮನೆಗೆ?"

"ಊಂ ಬುದ್ದಿ. ಗಂಡ್ಮಕ್ಳು. ನಿಮ್ಗೆ ಯಾರೂ ಏಳ್ನಿಲ್ವಾ?"

ಯಾರೂ ಹೇಳಿರಲಿಲ್ಲ. ಆರು ತಿಂಗಳಿಂದ ಆ ಮನೆಯ ಮಜ್ಜಿಗೆ ಕುಡಿದಿದ್ದಾನೆ. ಆ ಮನೆಯಲ್ಲಿ ಮಾಯಿ ಒಬ್ಬಳೇ ಯಾಕೆ ಎಂದು ಅವನೂ ಕೇಳಿರಲಿಲ್ಲ.

"ಅಳ್ದ ಕೋಲ್ನ ವಾಪಸ್ ತರಂಗಿಲ್ಲ. ಮುರ್ದು ಗುಂಡಿಗೇ ಆಕ್ಬೇಕು," ಪುಟ್ಟಮಾದಯ್ಯ ಮೆಲ್ಲಗೆ ಮುಂದುವರಿಸಿದ. "ಆಯವ್ವ ಎರಡ್ ಸಲವೂ ಕಂಬ ತಬ್ಕೊಂಡು ನಿಂತ್ಕೊಂಡು, ನಾನ್ ಕೋಲಿಕ್ಕಾದ ಕಣ್ಣಾರೆ ನೋಡವ್ಳೆ. ಮುಖ ತಿರುಗ್ಸು ಅಂದ್ರೂ ತಿರುಗ್ಸ್ನಿಲ್ಲ. ನೀವು ಇವತ್ತು ಮೂರ್ನೇದ ತೋರ್ಸುದ್ರಿ."

ಲಿಂಗಯ್ಯ ಕೈಯಲ್ಲಿದ್ದ ಅಡಿಪಟ್ಟಿಯನ್ನು ನೋಡಿದ. ಹಿತ್ತಾಳೆಯ ಅಂಚು ಬಿಸಿಲಿಗೆ ಹೊಳೆಯುತ್ತಿತ್ತು. ಅದನ್ನು ನಾಲೆಗೆ ಎಸೆಯಬೇಕೆನಿಸಿತು. ಎಸೆದರೂ ಗುಳಿಗೆ ಜೇಬಿನಲ್ಲೇ ಉಳಿಯುತ್ತದೆ. ನಾಳಿದ್ದು ಇದೇ ಹೊತ್ತಿಗೆ ಜ್ವರ ಮತ್ತೆ ಬರುತ್ತದೆ, ಇನ್ನೂ ಜೋರಾಗಿ ಬರುತ್ತದೆ.

"ಆ ಅಳತೆ ವಾಪಸ್ ತಗೊಳ್ಳೋಕೆ ಏನಾದರೂ ಇದೆಯಾ ಪುಟ್ಟಮಾದಯ್ಯ? ನಿಮ್ಮಲ್ಲಿ ಏನಾದರೂ ಶಾಸ್ತ್ರ, ಹಿರಿಯರು ಹೇಳಿದ್ದು?"

"ಬದುಕಿರೋರ್ನ ಯಾರೂ ಅಳ್ದಿಲ್ವಲ್ಲಾ ಬುದ್ದಿ, ವಾಪಸ್ ತಕಳಾಕೆ." ಏರಿಯ ಕೆಳಗೆ ಭತ್ತದ ಪೈರು ಗಾಳಿಗೆ ಒಂದು ಸಲ ಮಲಗಿ ಎದ್ದಿತು. ಮುದುಕ ಅದನ್ನೇ ನೋಡುತ್ತಾ ಅಂದ, "ಆದ್ರೆ ಎಣುನ್ನ ನಾವು ತಲೆಯಿಂದ ಕೆಳಿಕ್ಕೆ ಅಳೀತೀವಿ. ಪೈರ್ನ ಯಾರಾರಾ ಅಂಗೆ ಅಳ್ದಾರಾ? ಮಂಡಿಮಟ್ಟ ಬಂತು ಅಂತೀವಿ, ಸೊಂಟಮಟ್ಟ ಬಂತು ಅಂತೀವಿ. ಬೆಳಿಯಾದ್ನ ಬುಡದಿಂದ ಮ್ಯಾಲಕ್ಕೆ."

ಲಿಂಗಯ್ಯ ತಟ್ಟನೆ ಎದ್ದ. "ಇದನ್ನ ನೀನೇ ಬಂದು ಆಯಮ್ಮನಿಗೆ ಹೇಳಬೇಕು. ನನ್ನ ಮಾತು ನಡೆಯೋದಿಲ್ಲ ಅಲ್ಲಿ."

"ನಾನಾ? ಈ ಒತ್ನಲ್ಲಿ ನಾನು ಆ ಅಂಗಳಕ್ಕೆ ಓದ್ರೆ ಆಯವ್ವನ ಎದೆ ಒಡ್ದೋಯ್ತದೆ ಬುದ್ದಿ."

"ಈ ಕೆಲಸದಲ್ಲಿ ಅವಳು ನಂಬೋದು ನಿನ್ನೊಬ್ಬನನ್ನೇ."

ಪುಟ್ಟಮಾದಯ್ಯ ಹೆಗಲ ಮೇಲಿನ ಟವಲು ಕೊಡವಿ ಎದ್ದ. ದಾರಿಯಲ್ಲಿ ಲಿಂಗಯ್ಯ ತಡೆಯಲಾರದೆ ಕೇಳಿದ: "ನಿಜವೇನಯ್ಯಾ ಅದು? ತಿರುಗಿಸಿ ಅಳೆದರೆ ಸರಿಹೋಗುತ್ತಾ?"

"ನಂಗೇನ್ ಗೊತ್ತು ಬುದ್ದಿ," ಅಂದ ಮುದುಕ. "ಈಗ್ಲೇ ತಲೆಗೆ ಒಳ್ದಿದ್ದು."

ಅವರು ಹೋದಾಗ ದೀಪ ಹಚ್ಚುವ ಹೊತ್ತು. ಹಜಾರದಲ್ಲಿ ಬುಡ್ಡಿದೀಪ ಉರಿಯುತ್ತಿತ್ತು. ಪುಟ್ಟಮಾದಯ್ಯ ಕೋಲನ್ನು ಬೇಲಿಯ ಮರೆಗೆ ಒರಗಿಸಿ, ಅಂಗಳದ ಅಂಚಿನಲ್ಲಿ ತಾನು ಯಾವಾಗಲೂ ನಿಲ್ಲುವ ಕಡೆ ನಿಂತು ಕೆಮ್ಮಿದ. ಬಾಗಿಲಿಗೆ ಬಂದ ಚಿಕ್ಕನಂಜಮ್ಮ ಅವನನ್ನು ನೋಡಿದಳು. ಅವಳ ಕೈ ತಾನಾಗಿ ಪಕ್ಕದ ಕಂಬವನ್ನು ಹುಡುಕಿತು.

"ಯಾರೋ ನಿನ್ನ ಕರ್ದೋರು? ನನ್ ಮಗ್ಳು ಇನ್ನೂ ಅವ್ಳೆ! ಅವ್ಳೆ ಕಣೋ!"

ಜಗಲಿಯ ಮೇಲೆ ಚೌಡಯ್ಯ ಎರಡೂ ಮಂಡಿಗಳ ನಡುವೆ ಮುಖ ಹುದುಗಿಸಿಕೊಂಡ.

"ನಾನು ಆ ಕೆಲ್ಸಕ್ಕೆ ಬಂದಿಲ್ಲ ಅವ್ವಾರೆ," ಪುಟ್ಟಮಾದಯ್ಯ ಕೈಮುಗಿದ. ಆಮೇಲೆ ಅವನ ದನಿ ಬೇರೆಯಾಯಿತು. ಊರಿಗೆ ಸುದ್ದಿ ಸಾರುವಾಗಿನ ದನಿ. ಅದರಲ್ಲಿ ಅನುಮಾನಕ್ಕೆ ಜಾಗವಿರಲಿಲ್ಲ. "ನಲವತ್ ವರ್ಸದಿಂದ ಈ ಊರಲ್ಲಿ ಕೋಲ್ ಇಡ್ದಿರೋನು ನಾನು. ನನ್ ಮಾತು ಕೇಳಿ. ಮೇಷ್ಟ್ರು ತಿಳೀದೆ ತಲೆಯಿಂದ ಅಳ್ದವ್ರೆ. ಅದು ನಮ್ ಅಳ್ತೆ, ಸುಡುಗಾಡಿಂದು. ಈಗ ದೀಪದ್ ಒತ್ನಲ್ಲಿ ಮಗೀನ ನಿಲ್ಸಿ, ಪೈರ್ ಅಳ್ದಂಗೆ ಬುಡದಿಂದ ಮ್ಯಾಲಕ್ಕೆ ಅಳ್ದ್ರೆ ಮೊದ್ಲಿನ್ ಅಳ್ತೆ ಬಿದ್ದೋಯ್ತದೆ. ಆಮ್ಯಾಕೆ ಮದ್ದು ಕೊಡಿ, ಇಡೀತದೆ."

ಚಿಕ್ಕನಂಜಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಎರಡು ಕಾರ್ತೀಕಗಳಲ್ಲಿ ಅವಳು ಆ ಮುಖದಲ್ಲಿ ಸುಳ್ಳು ಕಂಡಿರಲಿಲ್ಲ.

"ದಿಟವಾ?"

"ದಿಟ ಅವ್ವಾರೆ."

ಅವಳು ಲಿಂಗಯ್ಯನ ಕಡೆ ತಿರುಗಿ ಕೈ ಚಾಚಿದಳು. "ಕೊಡು ಇಲ್ಲಿ. ನಿನ್ ಕೈಯಾಗೆ ಬ್ಯಾಡ. ನಾನೇ ಅಳೀತೀನಿ."

ಚಳಿ ಬಿಟ್ಟು ಬೆವರು ಬಂದಿತ್ತು. ಕಂಬಳಿಯಿಂದ ಎಬ್ಬಿಸಿ ಗೋಡೆಗೆ ಒರಗಿಸಿದರೆ ಮಾಯಿ ಹೀಚು ಸೋರೆಕಾಯಿಯ ಹಾಗೆ ತೂಗಿದಳು. ಚೌಡಯ್ಯ ಒಳಗೆ ಬಂದು ಮಗಳ ಎರಡೂ ಭುಜ ಹಿಡಿದು ನಿಂತ. ಲಿಂಗಯ್ಯ ಹೊಸ್ತಿಲಾಚೆಯೇ ಕುಕ್ಕರಿಸಿದ. ಸ್ಲೇಟು ಹಿಡಿದ ಮಕ್ಕಳ ಮುಂದೆ ಮಾತಿಗೆ ತಡವರಿಸದವನು ಈಗ ತಡವರಿಸಿದ.

"ಒಂದು ಅಂತ ಬರೆದಿರೋ ಕಡೆಯ ತುದಿ... ಅದು ನೆಲಕ್ಕೆ ಮುಟ್ಟಬೇಕು. ಗೆರೆಗಳು ಕಾಣ್ತವಲ್ಲ, ಒಂದೊಂದೂ ದೊಡ್ಡ ಗೆರೆಗೆ ಒಂದೊಂದು ಅಂಗುಲ. ಹನ್ನೆರಡಾದರೆ ಒಂದಡಿ."

ಓದು ಬಾರದ ಚಿಕ್ಕನಂಜಮ್ಮ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ ಮಗಳ ಹಿಮ್ಮಡಿಯ ಪಕ್ಕ ನಿಲ್ಲಿಸಿದಳು.

"ತಲೆಕೆಳಗಾಯ್ತು ಕಣವ್ವ," ಎಂದಳು ಮಾಯಿ. ಕಣ್ಣು ಅರ್ಧ ಮುಚ್ಚಿತ್ತು. "ಒಂದು ಕೆಳಿಕ್ಕೆ ಬರ್ಬೇಕು. ಅದು ಅನ್ನೆರಡು."

ಅವಳು ತಿರುಗಿಸಿ ಇಟ್ಟಳು. ಪಟ್ಟಿಯ ಮೇಲು ತುದಿಯ ಹತ್ತಿರ ಗೋಡೆಗೆ ಹೆಬ್ಬೆಟ್ಟು ಊರಿದಳು. ಕಳೆ ಕಿತ್ತು ಕಿತ್ತು ಅಗಲವಾದ ಹೆಬ್ಬೆಟ್ಟು. ಪಟ್ಟಿ ಎತ್ತಿ, ಆ ಹೆಬ್ಬೆಟ್ಟಿನ ಕೆಳಗಿನಿಂದಲೇ ಮತ್ತೆ ಇಟ್ಟಳು.

ಬೆಳಿಗ್ಗೆಯೆಲ್ಲ ಹದಿನಾಲ್ಕು ಮಕ್ಕಳಿಗೆ ತಿದ್ದಿದ್ದ ತಪ್ಪು. ಲಿಂಗಯ್ಯನ ಬಾಯಿ ತಾನಾಗಿ ತೆರೆಯಿತು, ಮುಚ್ಚಿಕೊಂಡ. ಆದರೆ ಮಾಯಿಯ ಕಣ್ಣು ಪೂರ್ತಿ ತೆರೆದಿದ್ದವು.

"ಅವ್ವಾ, ಎಬ್ಬೆಟ್ಟು..."

ಲಿಂಗಯ್ಯ ಹೊಸ್ತಿಲಾಚೆಯಿಂದ ತುಟಿಯ ಮೇಲೆ ಬೆರಳಿಟ್ಟುಕೊಂಡ. ಹುಡುಗಿ ಅವನನ್ನು ಆಶ್ಚರ್ಯದಿಂದ ನೋಡಿದಳು. ಮೇಷ್ಟ್ರೇ ತಪ್ಪು ಬಿಡುತ್ತಿದ್ದಾರೆ! ಮಾತು ನುಂಗಿಕೊಂಡಳು.

"ಎಬ್ಬೆಟ್ಗೆ ಏನಾಗದೆ?"

"ಏನಿಲ್ಲ ಕಣವ್ವ. ಅಳಿ."

ಎರಡಡಿ. ಮತ್ತೆ ಹೆಬ್ಬೆಟ್ಟು. ಮೂರಡಿ. ಮತ್ತೆ ಹೆಬ್ಬೆಟ್ಟು. ಪಟ್ಟಿ ಕಿವಿಯನ್ನು ದಾಟಿ ನೆತ್ತಿಗೆ ಬಂತು. ಚಿಕ್ಕನಂಜಮ್ಮ ಬೆವರಿದ್ದಳು. ನೆತ್ತಿಯ ಮಟ್ಟಕ್ಕೆ ಉಗುರಿಟ್ಟು, ಕೆಳಗಿನಿಂದ ದೊಡ್ಡ ಗೆರೆಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು. ಅವಳ ಬೆರಳು ಅಲ್ಲಿ ನಿಂತಿತು. ನಾಲ್ಕು ಎಂಬುದು ಅವಳ ಕಿವಿಯಲ್ಲಿ ಇನ್ನೂ ಇತ್ತು. ಉಗುರು ಇನ್ನೂ ಮೇಲಿತ್ತು. ಐದು. ಆರು.

"ಆರು," ಎಂದಳು. ನಂಬಿಕೆ ಬರದೆ ಮತ್ತೆ ಎಣಿಸಿದಳು. "ಮೂರಡಿ... ಆರಂಗ್ಲ. ನೀನು ನಾಕು ಅಂದಿದ್ದೆ ಅಲ್ವಾ ಮೇಷ್ಟ್ರ?"

"ನಾಲ್ಕು ಅಂದಿದ್ದೆ." ಲಿಂಗಯ್ಯ ಒಪ್ಪಿಕೊಂಡ. "ಸರಿಯಾಗಿ ಅಳೆದಿದ್ದೀರಿ ಅಮ್ಮಾ. ಆರೇ."

ಅವಳು ಬಾಗಿಲಿಗೆ ಬಂದು ಕತ್ತಲು ಕವಿಯುತ್ತಿದ್ದ ಅಂಗಳದ ಕಡೆ ಕೂಗಿದಳು. "ಪುಟ್ಟಮಾದಯ್ಯಾ! ಮೂರಡಿ ಆರಂಗ್ಲ ಬಂತು ಕಣೋ! ನಾನೇ ಅಳ್ದೆ!"

ಬೇಲಿಯ ಮರೆಯಿಂದ ಕೋಲು ಎಳೆದ ಸದ್ದು ಬಂತು.

"ಅಂಗಾರೆ ಈ ಕೋಲು ಸಾಲಾಕಿಲ್ಲ ಅವ್ವಾರೆ," ಎಂದಿತು ಮುದುಕನ ದನಿ. ಅದರ ಹಿಂದೆಯೇ ಲಟ್ಟೆಂದು ಮುರಿದ ಸದ್ದು. ಹೆಜ್ಜೆಗಳು ಕೇರಿಯ ಕಡೆ ಹೋದವು.

ಚಿಕ್ಕನಂಜಮ್ಮ ಲಿಂಗಯ್ಯನ ಮುಂದೆ ಅಂಗೈ ಒಡ್ಡಿದಳು. ಅವನು ಪೊಟ್ಟಣ ಬಿಚ್ಚಿ ಒಂದು ಗುಳಿಗೆ ಇಟ್ಟ. ಮಾಯಿ ನುಂಗಿ, ಮುಖ ಹಿಂಡಿ, ಎರಡು ಕೈಯಲ್ಲೂ ನಾಲಿಗೆ ಒರೆಸಿಕೊಂಡಳು. ಚೌಡಯ್ಯ ಗೂಡಿನಿಂದ ಒಂದು ಚೂರು ಬೆಲ್ಲ ತಂದು ಅವಳ ಬಾಯಿಗಿಟ್ಟ.

"ಪಟ್ಟಿ ಇಲ್ಲೇ ಬುಟ್ಟೋಗು ಮೇಷ್ಟ್ರ," ಎಂದಳು ಚಿಕ್ಕನಂಜಮ್ಮ. "ನಾಳಿಕ್ಕೂ ಅಳೀತೀನಿ."

"ಇಟ್ಕೊಳ್ಳಿ."

ಲಿಂಗಯ್ಯ ಎದ್ದು ಚಪ್ಪಲಿ ಮೆಟ್ಟಿಕೊಳ್ಳುವಾಗ ಅವಳೂ ಹೊರಗೆ ಬಂದಳು. ಬೇಲಿಯ ಹತ್ತಿರ ಹೋಗಿ, ಬಗ್ಗಿ, ನೆಲದಲ್ಲಿ ಬಿದ್ದಿದ್ದ ಎರಡು ತುಂಡುಗಳನ್ನು ಹೆಕ್ಕಿಕೊಂಡು ಒಳಗೆ ಹೋದಳು. ಒಲೆಯ ಮೇಲೆ ಮಗಳಿಗೆ ಗಂಜಿ ಇಟ್ಟಿತ್ತು. ಎರಡನ್ನೂ ಒಲೆಗೆ ತುರುಕಿದಳು. ಹಸಿಯ ಕೋಲು, ಹತ್ತಿಕೊಳ್ಳಲಿಲ್ಲ, ತುದಿಯಲ್ಲಿ ನೊರೆ ಉಕ್ಕಿಸಿಕೊಂಡು ಮನೆಯ ತುಂಬ ಹೊಗೆಯಾಡಿತು. ಅವಳು ಊದುಗೊಳವೆ ತೆಗೆದುಕೊಂಡು, ಕಣ್ಣೊರೆಸಿಕೊಂಡು, ಬಗ್ಗಿ ಊದತೊಡಗಿದಳು.